ಮೋಡದ ತೇಪೆ

ತಮ್ಮನ ಪಕ್ಕದಲ್ಲಿ ಒಂದು ನೆರಳು ಹೆಚ್ಚಿಗೆ ಇತ್ತು.

ತೇಪೆಯಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಕನ್ನಡಕದ ತಪ್ಪಲ್ಲ. ಕಂಪ್ಯೂಟರಿನ ಪರದೆ ಒರೆಸಿದಳು. ಅದರ ತಪ್ಪೂ ಅಲ್ಲ. ಇನ್ನು ಉಳಿದದ್ದು ಕಣ್ಣು. ಈ ಮೂರು ತಿಂಗಳಲ್ಲಿ ಅದನ್ನು ಸಾಕಷ್ಟು ಒರೆಸಿಕೊಂಡಾಗಿತ್ತು.

ತೇಪೆಯಕ್ಕ ಎಂಬುದು ಆಫೀಸು ಇಟ್ಟ ಹೆಸರು. ಉಪಗ್ರಹ ಕಳಿಸುವ ಚಿತ್ರಗಳಲ್ಲಿ ಮೋಡ ಅಡ್ಡ ಬಂದ ಕಡೆ, ಅದೇ ಜಾಗದ ಹಳೆಯ ಚಿತ್ರದಿಂದ ತುಂಡು ಕತ್ತರಿಸಿ, ಹೊಲಿಗೆ ಕಾಣದ ಹಾಗೆ ಕೂರಿಸುವುದು ಅವಳ ಕೆಲಸ. ಗಿರಾಕಿಗಳಿಗೆ ಬೇಕಾದದ್ದು ಭೂಮಿ, ಮೋಡವಲ್ಲ. ಹೀಗಾಗಿ ಹನ್ನೊಂದು ವರ್ಷದಿಂದ ಆಕಾಶದ ಗಲೀಜಿಗೆ ಭೂಮಿಯ ರಫು ಹಾಕುತ್ತಾ ಕೂತಿದ್ದಳು.

ಮಳೆಗೆ ಗುಡ್ಡ ಜಾರಿ, ಅಮ್ಮನ ಮನೆಯನ್ನು ಅಮ್ಮನ ಸಮೇತ ಎಳೆದುಕೊಂಡು ಹೋಗಿ ಮೂರು ತಿಂಗಳು. ಅಗೆದವರಿಗೆ ಒಂದು ಚಪ್ಪಲಿಯೂ ಸಿಕ್ಕಲಿಲ್ಲ. ಅಂದಿನಿಂದ ಉಪಗ್ರಹ ಬಂದಾಗಲೆಲ್ಲ ಆ ಗುಡ್ಡಕ್ಕೆ ಮೋಡ. ತೇಪೆಯಕ್ಕ ನಿಯಮ ತಪ್ಪದೆ ಹಳೆಯ ತುಂಡನ್ನೇ ಹಾಕುತ್ತಾ ಬಂದಳು. ನೆಲದ ಮೇಲೆ ಇಲ್ಲದ ಮನೆ ನಕ್ಷೆಯಲ್ಲಿ ಗಟ್ಟಿಮುಟ್ಟಾಗಿ ನಿಂತಿತ್ತು. ಅಷ್ಟು ಮಳೆಯಲ್ಲೂ ಮಹಡಿಯ ಮೇಲೆ ಬಟ್ಟೆ ಒಣಗುತ್ತಿತ್ತು. ದಾಖಲೆ ಕಚೇರಿಯವರು ಅದನ್ನೇ ತೋರಿಸಿ ತಮ್ಮನನ್ನು ವಾಪಸು ಕಳಿಸುತ್ತಿದ್ದರು. ಮನೆ ಇದೆಯಲ್ಲ ಸ್ವಾಮಿ, ಮನೆಯವರು ಇಲ್ಲ ಅಂತ ಹೇಗೆ ಬರೆಯೋದು?

ತಮ್ಮ ಕೆಲಸ ಬಿಟ್ಟು ದಿನವೂ ಗುದ್ದಲಿ ಹಿಡಿದು ಗುಡ್ಡಕ್ಕೆ ಹೋಗುತ್ತಿದ್ದ. ಅಂಗೈಯ ಬೊಬ್ಬೆ ಒಡೆದು ಅದರ ಮೇಲೇ ಇನ್ನೊಂದು ಬೊಬ್ಬೆ ಎದ್ದಿತ್ತು. ಅಮ್ಮ ಇಲ್ಲ ಅಂತ ಕಾಗದದಲ್ಲಿ ಕಂಡ ದಿನ ಗುದ್ದಲಿ ಕೆಳಗಿಡುತ್ತೇನೆ ಎಂದಿದ್ದ.

ಇವತ್ತು ಆಕಾಶ ತಿಳಿಯಾಗಿತ್ತು. ಹತ್ತೂವರೆಗೆ ಉಪಗ್ರಹ ಹಾದುಹೋಗುವಾಗ, ಹೊಸಿಲು ಇದ್ದ ಜಾಗದಲ್ಲಿ ನಿಂತಿರು ಎಂದು ಅವಳೇ ತಮ್ಮನಿಗೆ ಹೇಳಿದ್ದಳು. ಬೋಳು ಮಣ್ಣಿನಲ್ಲಿ ಮನೆ ಇದ್ದ ಜಾಗ ಹಿಡಿಯಲು ಏನಾದರೂ ಗುರುತು ಬೇಕಲ್ಲ. ಮೇಲಿನಿಂದ ನೋಡಿದರೆ ಮನುಷ್ಯ ಬರೀ ಒಂದು ಚುಕ್ಕೆ. ಎಂಥ ದೊಡ್ಡ ಮನುಷ್ಯನೂ ಅಷ್ಟೇ. ಇದು ಕಲ್ಲಲ್ಲ, ಆಳು ಎಂದು ಹೇಳುವುದು ನೆರಳು.

ಅಲ್ಲಿ ಚುಕ್ಕೆ ಒಂದಿತ್ತು. ನೆರಳು ಎರಡಿದ್ದವು.

ಎರಡನೆಯದು ಗಿಡ್ಡ. ನಡುವಿನಲ್ಲಿ ಒಂದು ಕಡೆ ಉಬ್ಬಿತ್ತು, ಸೊಂಟಕ್ಕೆ ಕೈ ಕೊಟ್ಟು ನಿಂತವರ ನೆರಳಿನ ಹಾಗೆ. ಅಮ್ಮ ಬೈಯುವುದಕ್ಕೆ ಮುಂಚೆ ಹಾಗೇ ನಿಲ್ಲುತ್ತಿದ್ದಳು.

ಹಳೆಯ ತೇಪೆಯ ಚೂರಿರಬಹುದೆ? ಇದು ಇನ್ನೂ ಕೈ ಮುಟ್ಟದ ಚಿತ್ರ. ಉಪಗ್ರಹ ಒಂದೇ ಹಾದಿಯಲ್ಲಿ ಎರಡು ಚಿತ್ರ ತೆಗೆಯುತ್ತದೆ, ಬರುವಾಗ ಒಂದು, ದಾಟಿದ ಮೇಲೆ ಒಂದು. ನಡುವೆ ಒಂದು ನಿಮಿಷ. ಅವಳು ಎರಡನೆಯದನ್ನು ತೆರೆದಳು. ತಮ್ಮ ನಾಲ್ಕು ಹೆಜ್ಜೆ ಸರಿದಿದ್ದ. ಪಕ್ಕದ ನೆರಳೂ ನಾಲ್ಕು ಹೆಜ್ಜೆ ಸರಿದಿತ್ತು.

ಅವಳು ಫೋನ್ ಮಾಡಿದಳು.

"ಬೆಳಿಗ್ಗೆ ಅಲ್ಲಿ ನಿನ್ನ ಜೊತೆ ಯಾರಿದ್ರೋ?"

"ಯಾರಿರ್ತಾರೆ ಅಕ್ಕ? ನನ್ನ ಜೊತೆ ನಾನಿರೋದೇ ಕಷ್ಟ ಆಗಿದೆ."

"ಮತ್ತೆ ಯಾಕೆ ಪಕ್ಕಕ್ಕೆ ಸರಿದೆ? ಅಲ್ಲಾಡಬೇಡ ಅಂದಿದ್ನಲ್ಲ."

"ಅದೂ ಕಾಣ್ತಾ? ಬಿಸಿಲು ಸುಡ್ತಾ ಇತ್ತು. ಆದ್ರೆ ಎಡಗಡೆ ಮಾತ್ರ ತಣ್ಣಗಿತ್ತು, ಯಾರೋ ಮರೆಗೆ ನಿಂತ ಹಾಗೆ. ಒಂಥರಾ ಆಯ್ತು. ಸರಿದೆ."

"ಸರಿದ ಮೇಲೆ?"

"ಸರಿದ ಮೇಲೂ ತಣ್ಣಗೇ ಇತ್ತು. ಬಿಡು ಅದನ್ನ. ಚಿತ್ರದಲ್ಲಿ ಮನೆ ಇಲ್ಲ ತಾನೆ? ಇವತ್ತಾದ್ರೂ ಅಮ್ಮ ಇಲ್ಲ ಅಂತ ಬರೀತಾರಾ?"

ಇಲ್ಲ. ಎರಡೇ ಅಕ್ಷರ. ತೇಪೆಯಕ್ಕನ ಬಾಯಿಗೆ ಅದು ಬರಲಿಲ್ಲ.

"ಮೋಡ ಇತ್ತು ಕಣೋ."

"ಅಕ್ಕ, ನಾನು ಅಲ್ಲೇ ನಿಂತಿದ್ದೆ. ಒಂದು ಚೂರು ಮೋಡ ಇರ್ಲಿಲ್ಲ."

"ಮೇಲಿಂದ ಇತ್ತು."

ಅವನು ವಾದಿಸಲಿಲ್ಲ. "ಸರಿ. ನಾಳೆ ಬೇಗ ಹೋಗ್ತೀನಿ," ಎಂದ. ಗುದ್ದಲಿಯನ್ನು ಗೋಡೆಗೆ ಆನಿಸಿದ ಸದ್ದು ಫೋನಿನಲ್ಲಿ ಕೇಳಿಸಿತು.

ಹಿಂದಿನಿಂದ ಜೂಮಪ್ಪ ಬಂದ. ಏನು ಕಂಡರೂ "ಸ್ವಲ್ಪ ಜೂಮ್ ಮಾಡಮ್ಮಾ" ಎನ್ನುವ ಮೇಲಧಿಕಾರಿ. ಅವಳು ಅಷ್ಟರಲ್ಲಿ ಚಿತ್ರವನ್ನು ಚಿಕ್ಕದು ಮಾಡಿದ್ದಳು.

"ಗುಡ್ಡದ್ದು ಆಯ್ತೇನಮ್ಮಾ? ದಾಖಲೆಯವರು ಎರಡು ಸಲ ಕೇಳಿದ್ರು."

"ಮೋಡ ಇದೆ ಸರ್."

"ಇವತ್ತೂ ಬಂತಾ ಹಾಳು ಮೋಡ? ಹಾಗಾದ್ರೆ ಹಳೇದನ್ನೇ ಹಾಕಿ ಕಳಿಸಿಬಿಡು," ಎಂದು ಅವನು ಮುಂದಿನ ಮೇಜಿಗೆ ಹೋದ.

ಹಳೆಯದನ್ನು ಹಾಕಬೇಕಾದರೆ ಅಸಲು ಚಿತ್ರದಲ್ಲಿ ಮೋಡ ಇರಬೇಕಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಬೇರೆ ಯಾವುದೋ ಊರಿನ ಚಿತ್ರದಿಂದ ಒಂದು ಮೋಡವನ್ನು ಕತ್ತರಿಸಿದಳು. ದಪ್ಪನೆಯ, ಯಾರಿಗೂ ಅನುಮಾನ ಬಾರದಂಥ ಮೋಡ. ಗುಡ್ಡದ ಮೇಲೆ ತಂದಿಟ್ಟಳು. ತಮ್ಮ ಮರೆಯಾದ. ಪಕ್ಕದ ನೆರಳೂ ಮುಚ್ಚಿಹೋಯಿತು, ಪಾದದ ತುದಿಯೊಂದನ್ನು ಬಿಟ್ಟು. ತೇಪೆಯಕ್ಕ ಮೋಡದ ಅಂಚನ್ನು ಹಿಡಿದು, ಮೆಲ್ಲಗೆ, ಸ್ವಲ್ಪ ಕೆಳಕ್ಕೆ ಎಳೆದಳು.