ಹಸೀಬ್ ಸಾಹೇಬರ ಕಿವಿ

ಹಸೀಬ್ ಸಾಹೇಬರು ಎಂಜಿನ್ನಿನ ಮುಂದೆ ಕಣ್ಣು ಮುಚ್ಚಿಕೊಂಡೇ ನಿಲ್ಲುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೂ ಮರದ ಹಿಡಿಯನ್ನು ಬಲಗಿವಿಗೂ ಒತ್ತಿ, ಎಡಗೈಯನ್ನು ಖಾಕಿ ಕೋಟಿನ ಜೇಬಿನಲ್ಲಿಳಿಸಿ, ಒಳಗಿನ ಲೋಹದ ಅಸಮಾಧಾನವನ್ನು ಆಲಿಸುವ ಆ ಭಂಗಿಯಲ್ಲಿ ಧ್ಯಾನಸ್ಥನ ನಿಶ್ಚಲತೆಯೂ ಪರೀಕ್ಷಕನ ಗರ್ವವೂ ಒಟ್ಟಿಗೆ ಇದ್ದವು. ಮೂಡಿಗೆರೆಯಲ್ಲಿ ಜಾವಳಿಯ ಕಡೆಗೆ ರಸ್ತೆ ಹೊರಳುವಲ್ಲಿದ್ದ ಅವರ ಶೆಡ್ಡಿನ ಗೋಡೆಗೆ ಹಿತ್ತಾಳೆಯ ಪ್ರೆಷರ್ ಗೇಜೊಂದು ತೂಗುತ್ತಿತ್ತು. ಅದನ್ನು ನೇರವಾಗಿ ಎಂಜಿನ್ನಿಗೆ ಜೋಡಿಸಿದರೆ ಆಯಿಲಿನ ನಿಜವಾದ ಒತ್ತಡ ತಿಳಿಯುತ್ತದೆಂದು ನನಗೆ ಹೇಳಿಕೊಟ್ಟವರೂ ಅವರೇ. ಆದರೆ ಅದರ ಮೇಲಿನ ಧೂಳನ್ನು ಅವರು ಒರೆಸಿದ್ದನ್ನು ನಾನು ಕಂಡಿರಲಿಲ್ಲ.

ಸೋರಿಕೆ ಹುಡುಕುವುದರಲ್ಲಿ ಅವರದೇ ಒಂದು ಶಾಸ್ತ್ರವಿತ್ತು. ಬಂದ ಲಾರಿಯ ಎಂಜಿನ್ನನ್ನು ಡೀಸೆಲಿನಲ್ಲಿ ತೊಳೆದು, ಅಡಿಗೆ ಹಳೆಯ ಪತ್ರಿಕೆ ಹಾಸಿ, ಅರ್ಧ ದಿನ ಅದನ್ನು ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ಅವಸರಿಸುವ ಕಾಫಿ ಎಸ್ಟೇಟಿನ ರೈಟರುಗಳಿಗೆ, ಅಂದರೆ ಗುಮಾಸ್ತರಿಗೆ, ಸಿಗುತ್ತಿದ್ದ ಉತ್ತರ ಒಂದೇ: "ಅದು ಬಾಯಿ ಬಿಡೋ ತನಕ ನಾವು ಬಾಯಿ ಮುಚ್ಕೊಂಡಿರ್ಬೇಕು ಮಾರಾಯ." ಸಂಜೆ ಹಾಳೆಯ ಕಲೆಗಳನ್ನು ಓದಿ, ಹನಿ ಎಲ್ಲಿಂದ ಹೊರಟು ಎಲ್ಲೆಲ್ಲಿ ಸುತ್ತಿ ಕೆಳಗಿಳಿದಿದೆಯೆಂದು ವಿವರಿಸುತ್ತಿದ್ದರು.

ಕಾಲೇಜಿನಲ್ಲಿ ಪಾಠ ಮುಗಿಸಿ ಹಿಂದಿರುಗುವಾಗ ಅಲ್ಲಿ ಚಹಾ ಕುಡಿಯುವುದು ನನ್ನ ರೂಢಿ. ಕಳೆದ ಬೇಸಿಗೆಯ ಒಂದು ದಿನ ಅವರ ಕೋಟಿನ ಜೇಬಿನಲ್ಲೇ ಮೊಬೈಲು ಮೂರು ಸಲ ಮೊಳಗಿ ಸುಮ್ಮನಾಯಿತು. ಅವರು ಅಲುಗಲಿಲ್ಲ. ಹಿಂದಿನ ಮನೆಯಿಂದ ಪತ್ನಿ ರೌಶನ್ ಬೀ ಬಂದು, ಊಟಕ್ಕೆ ಕರೆದರೂ ಫೋನೆತ್ತುವುದಿಲ್ಲವೆಂದು ಗದರಿದಾಗ, "ಸೈಲೆಂಟಲ್ಲಿತ್ತು" ಎಂದು ನನ್ನತ್ತ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಮಳೆಗಾಲದಲ್ಲಿ ಕಳಸದ ರೇವಣ್ಣ ತನ್ನ ಹಳೆಯ ಲಾರಿ ತಂದ. ಅದೊಂದೇ ಅವನ ಜೀವನಾಧಾರ. ಆಯಿಲ್ ಸೋರುತ್ತಿತ್ತು, ಎಂಜಿನ್ ಬಿಸಿಯೇರಿದರೆ ಆಯಿಲ್ ಒತ್ತಡದ ಮೀಟರಿನ ಮುಳ್ಳು ತಳ ಸೇರುತ್ತಿತ್ತು. ಸೋರಿಕೆ ಮೇಲಿನ ಮುಚ್ಚಳದ ಪ್ಯಾಕಿಂಗಿನದೆಂದು ಪತ್ರಿಕೆ ತೋರಿಸಿತು, ಬದಲಿಸಿದರು. ಒತ್ತಡದ ಪ್ರಶ್ನೆಗೆ ಸ್ಕ್ರೂಡ್ರೈವರ್ ಕಿವಿಗೇರಿತು. ನಮ್ಮ ಮಳೆಯಲ್ಲಿ ವೈರಿಂಗಿಗೆ ತೇವ ಹಿಡಿದು ಮೀಟರ್ ಸುಳ್ಳು ಹೇಳುವುದು ಸಾಮಾನ್ಯ, ಅಂಥ ನೂರು ಸುಳ್ಳುಗಳನ್ನು ಹಿಡಿದವರು ಅವರು. ಬೇರಿಂಗ್ ಸವೆದಿದ್ದರೆ ಒಳಗಿನಿಂದ ಮಂದ್ರವಾದ ಬಡಿತ ಕೇಳಿಸಬೇಕಿತ್ತು. ಅಂಥದ್ದೇನೂ ಇಲ್ಲ, ಮೀಟರಿನದೇ ಸುಳ್ಳು ಎಂದರು.

ರೇವಣ್ಣ ಗೋಡೆಯತ್ತ ಕೈ ತೋರಿಸಿದ. "ಆ ಗೇಜು ಒಂದ್ಸಲ ಹಾಕಿ ನೋಡ್ಬಹುದಿತ್ತಲ್ಲ ಸಾಹೇಬ್ರೆ. ಪೂಜೆಗೆ ಇಟ್ಟಿದೀರಾ ಅದನ್ನ?"

"ಕಿವಿ ಇರೋನಿಗೆ ಅದ್ಯಾಕೋ?" ಎಂದರು ಸಾಹೇಬರು. ನಾನೂ ನಕ್ಕೆ.

ಕೊಟ್ಟಿಗೆಹಾರ ದಾಟಿದ ಏರಿನಲ್ಲಿ ರೇವಣ್ಣನ ಲಾರಿಯ ಎಂಜಿನ್ ಕಚ್ಚಿಕೊಂಡು ನಿಂತುಹೋಯಿತು. ಬಿಚ್ಚಿದಾಗ ಬೇರಿಂಗುಗಳು ತಾಮ್ರ ಕಾಣುವಷ್ಟು ಸವೆದಿದ್ದವು, ಕ್ರ್ಯಾಂಕು ದುರಸ್ತಿಯನ್ನು ಮೀರಿತ್ತು. ರೇವಣ್ಣ ಕೂಗಾಡಲಿಲ್ಲ. ಬೇರಿಂಗಿನ ಸವೆದ ಚಿಪ್ಪೊಂದನ್ನು ಅಂಗೈಯಲ್ಲಿ ಹೊರಳಿಸುತ್ತ, "ಮೀಟರ್ ಸುಳ್ಳು ಹೇಳಿರ್ಲಿಲ್ಲ ಸಾಹೇಬ್ರೆ" ಎಂದನಷ್ಟೇ. ಈಗ ಅವನು ಯಾರದೋ ಪಿಕಪ್ಪಿಗೆ ಡ್ರೈವರ್.

ಸಾಹೇಬರು ಇಂದಿಗೂ ಶೆಡ್ಡು ತೆರೆಯುತ್ತಾರೆ. ಪ್ರತಿ ಎಂಜಿನ್ನಿಗೂ ಹಿತ್ತಾಳೆಯ ಗೇಜು ಜೋಡಿಸುತ್ತಾರೆ. ಅದರ ಮುಳ್ಳು ನಿಂತ ಮೇಲೂ ಸ್ಕ್ರೂಡ್ರೈವರ್ ಹಿಡಿದ ಕೈ ಅಭ್ಯಾಸಬಲದಿಂದ ಕಿವಿಯತ್ತ ಹೊರಟು ಅರ್ಧದಲ್ಲೇ ಇಳಿಯುತ್ತದೆ. ಒಮ್ಮೆ ಮಾತ್ರ, ಕೆಲಸದ ಮೇಲಿಂದ ಕಣ್ಣೆತ್ತದೆ ನನ್ನನ್ನು ಕೇಳಿದರು: "ಆವತ್ತು ಫೋನ್ ಹೊಡ್ಕೊಂಡಿದ್ದು ನಿಮಗೆ ಕೇಳ್ಸಿತ್ತು, ಅಲ್ವಾ?"

ತಮ್ಮ ಶರೀರವನ್ನೇ ಉಪಕರಣವಾಗಿಸಿಕೊಂಡ ಇಂಥವರು ಎಲ್ಲ ಯಂತ್ರಗಳ ಸವೆತವನ್ನೂ ಬಲ್ಲರು. ತಮ್ಮದನ್ನು ತಿಳಿಯಲು ಮಾತ್ರ ಮತ್ತೊಬ್ಬರ ಮಾತನ್ನು ನೆಚ್ಚಬೇಕು. ಆ ಮಾತನ್ನು ಆಡಬೇಕಾದವರು ಹೆಚ್ಚಾಗಿ ಅವರ ಪಕ್ಕದಲ್ಲೇ, ಗೌರವದಿಂದ, ಚಹಾ ಕುಡಿಯುತ್ತ ಕುಳಿತಿರುತ್ತಾರೆ.