ಒಂಬತ್ತಕ್ಕೆ ಭಾಗವಾಗುವ ಫೋನ್ ನಂಬರು

ನಿಂಗರಾಜ ರಾಮದುರ್ಗದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದ. ಬೋರ್ಡಿನ ಮುಂದೆ ಬಿಟ್ಟರೆ ಬೇರೆಲ್ಲೂ ಅವನ ಬಾಯಿ ತೆರೆಯುತ್ತಿರಲಿಲ್ಲ. ಕನ್ಯಾ ನೋಡಿ ಬಂದ ಮೇಲೆ ಹುಡುಗ ಹುಡುಗಿ ಒಮ್ಮೆ ಫೋನಿನಲ್ಲಿ ಮಾತಾಡಬೇಕು, ಆಮೇಲೆಯೇ ಹಿರಿಯರು ಮುಂದಿನ ಮಾತು ಎತ್ತುವುದು. ಈಗೀಗ ಈ ಕಡೆ ಅದೇ ರೂಢಿ. ಸುರೇಬಾನದ ಸಂಬಂಧ ಮುರಿದದ್ದು ಅಲ್ಲಿಯೇ. ಫೋನ್ ಹಚ್ಚಿದ ಇವನು ಸುಮ್ಮನೆ ಕುಳಿತ, ಲೈನ್ ಕಟ್ಟಾಯಿತೆಂದು ಆ ಹುಡುಗಿ ಇಟ್ಟುಬಿಟ್ಟಳು. ಆಗ ಅವನಿಗೆ ಬೇಸರವೇನೂ ಆಗಲಿಲ್ಲ. ಈಗ ನೋಡಿ ಬಂದ ಸಂಪಗಾಂವದ ಶಿವಾನಿಯ ವಿಷಯ ಹಾಗಲ್ಲ. ಚಹಾ ಕೊಡುವಾಗ ಅವಳು ನಕ್ಕಿದ್ದಳು. ಆ ನಗು ಅವನ ಜತೆಗೇ ಬಸ್ಸು ಹತ್ತಿ ರಾಮದುರ್ಗಕ್ಕೆ ಬಂದಿತ್ತು.

ಅಕ್ಕ ಅನ್ನಪೂರ್ಣಾ ಶಿವಾನಿಯ ನಂಬರು ಕೊಟ್ಟು ಒಂದೆರಡು ದಿನ ಕಾದಳು. ಅವನು ಫೋನ್ ಹಚ್ಚಲಿಲ್ಲ, ನಂಬರನ್ನು ಭಾಗಿಸುತ್ತ ಕುಳಿತ. ಕೊನೆಯ ಎರಡು ಅಂಕಿ ಅರವತ್ತನಾಲ್ಕು, ಆದ್ದರಿಂದ ನಾಲ್ಕಕ್ಕೆ ಭಾಗವಾಗುತ್ತದೆ. ಹತ್ತೂ ಅಂಕಿ ಕೂಡಿದರೆ ನಲವತ್ತೈದು, ಆದ್ದರಿಂದ ಒಂಬತ್ತಕ್ಕೂ. ಏಳರಿಂದ ಭಾಗಿಸಿದರೂ ಶೇಷ ಉಳಿಯಲಿಲ್ಲ. ತುಂಬಿದ ಮನೆಯಂಥ ಸಂಖ್ಯೆ. ಅವನ ನಂಬರೋ ಅವಿಭಾಜ್ಯ: ಒಂದು ಮತ್ತು ತಾನು, ಇವೆರಡನ್ನು ಬಿಟ್ಟರೆ ಯಾವುದಕ್ಕೂ ಭಾಗವಾಗದು. ಇದನ್ನೆಲ್ಲ ಅವನು ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು.

"ನಿನ್ನಂಗ ಐತಿ ಬಿಡು, ಯಾರ ಕೂಡೂ ಸೇರಂಗಿಲ್ಲ," ಎಂದವಳೇ ತಾನೇ ನಂಬರು ಒತ್ತಿ ಫೋನನ್ನು ಅವನ ಕೈಗೆ ತುರುಕಿದಳು.

ಅತ್ತ ಶಿವಾನಿ ಹಲೋ ಅಂದಳು. ಪಕ್ಕದಲ್ಲಿ ಕುಳಿತ ತನ್ನ ಅಜ್ಜಿ, ಆಯಿ ಸಾವಂತ್ರೆವ್ವನಿಗೂ ಕೇಳಲೆಂದು ಸ್ಪೀಕರ್ ಹಾಕಿರುವುದಾಗಿ ಹೇಳಿದಳು. ಮೌನ ನಿಂಗರಾಜನಿಗೆ ಯಾವತ್ತೂ ನೆರಳಿನ ಹಾಗೆ ಹಿತ. ಇಂದು ಮಾತ್ರ ಅದು ಬೆಳೆದಷ್ಟೂ ಸಂಪಗಾಂವ ದೂರವಾಗುತ್ತಿತ್ತು. ಕೊನೆಗೆ ತಲೆಯಲ್ಲಿದ್ದದ್ದೇ ಬಾಯಿಗೆ ಬಂತು.

"ನಿಮ್ಮ ನಂಬರು, ನನ್ನ ನಂಬರು, ಎರಡನ್ನೂ ಭಾಗಿಸೂ ಸಂಖ್ಯಾ ಯಾವುದೂ ಇಲ್ರಿ."

"ಕೂಡಿ ಬರೂದಿಲ್ಲಂತೇನ?" ಎಂದು ಆಯಿ ಕೇಳಿದಳು. ಜಾತಕ ನೋಡಿ ಗುಣ ಕೂಡಲಿಲ್ಲವೆಂದು ಅಯ್ಯನವರು ಹೇಳಿದಾಗಲೆಲ್ಲ ಬಂದ ಸಂಬಂಧ ಕೈಬಿಟ್ಟವಳು ಆಕೆ.

ಶಿವಾನಿ ನಡುವೆ ಬಾಯಿ ಹಾಕಿದಳು. "ಒಂದರಿಂದ ಭಾಗ ಹೋಗಂಗಿಲ್ಲೇನ್ರಿ? ಕಾಲೇಜಿನ್ಯಾಗ ಹಿಂಗ ಕಲಿಸತೀರಿ?"

ಒಂದನ್ನು ಮರೆತದ್ದಕ್ಕೆ ಅವನಿಗೆ ನಾಚಿಕೆಯಾಯಿತು. ತಪ್ಪು ತಿದ್ದಲು ಹೊರಟವನು ನಿಲ್ಲಲೇ ಇಲ್ಲ. ಒಂದು ಮಾತ್ರ ಸಮಾನವಾಗಿರುವ ಸಂಖ್ಯೆಗಳ ಚೆಂದವೇ ಬೇರೆ, ಎಂದ. ಅವಳ ನಂಬರನ್ನು ಇಷ್ಟು ಪಟ್ಟು, ತನ್ನದನ್ನು ಅಷ್ಟು ಪಟ್ಟು ಮಾಡಿ ಕಳೆದರೆ ಸರಿಯಾಗಿ ಒಂದು ಉಳಿಯುವಂತೆ ಮಾಡಬಹುದು. ಹಾಗೆಯೇ ಬೇಕಾದ ಯಾವ ಸಂಖ್ಯೆಯನ್ನಾದರೂ ಇಬ್ಬರ ನಂಬರು ಸೇರಿ ಹುಟ್ಟಿಸಬಹುದು. ಅನ್ನಪೂರ್ಣಾ ಬಾಯಿಗೆ ಸೆರಗು ಒತ್ತಿಕೊಂಡಳು. ತಾನು ಹೇಳಿದ್ದೇನೆಂದು ಆಗಲೇ ಅವನಿಗೆ ಹೊಳೆದದ್ದು, ಕಿವಿ ಬಿಸಿಯಾಯಿತು.

ಆಯಿಗೆ ಗಣಿತ ತಿಳಿಯಲಿಲ್ಲ. ಹುಡುಗನಿಗೆ ಮಾತು ಬರುತ್ತದೆಂಬುದು ಮಾತ್ರ ಚೆನ್ನಾಗಿ ತಿಳಿಯಿತು.

"ಉಡಿ ತುಂಬಿ ಸಂಬಂಧ ಗಟ್ಟಿ ಮಾಡಾಕ ಯಾವಾಗ ಬರತಾರ ಕೇಳವ್ವಾ," ಎಂದು ಮೊಮ್ಮಗಳಿಗೆ ಹೇಳಿದಳು, "ಇವರ ಪಾಠ ಮುಗಿದಿದ್ರ."

ಶಿವಾನಿ ಕೇಳುವವರೆಗೆ ನಿಂಗರಾಜ ಕಾಯಲಿಲ್ಲ.

"ನಾಳೆನ ಬರತೇವ್ರಿ," ಅಂದ.