ಅರ್ಜುಮಂದ್ ತೋಡಿದ ನಲ್ಲಿಗುಂಡಿ

ನಾನು ತುಂಬಿಸಿಟ್ಟ ನೀರನ್ನು ಅರ್ಜುಮಂದ್ ಕೊನೆಯ ಹನಿಯವರೆಗೂ ಓಣಿಗೆ ಚೆಲ್ಲಿದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಅವಳನ್ನು ಬೈದದ್ದು ಬರುತ್ತದೆ, ಆಗ ನೀವು ಈ ಶಿವಕುಮಾರಿಯನ್ನು ಗಯ್ಯಾಳಿ ಎಂದುಕೊಳ್ಳಬಾರದು. ನನ್ನ ಗಂಡ ಹಂಪಣ್ಣ ಹಾಗೆ ಅನ್ನುವುದುಂಟು, ಅದು ಬೇರೆ ಮಾತು.

ಸಿಂಧನೂರಿನ ನಮ್ಮ ಓಣಿಯಲ್ಲಿ ಹನ್ನೆರಡು ಮನೆ. ಬೇಸಿಗೆಯಲ್ಲಿ ಕಾಲುವೆ ನಿಂತ ಮೇಲೆ ನಲ್ಲಿಗೆ ನೀರು ಬರುವುದು ಹತ್ತು ದಿನಕ್ಕೊಮ್ಮೆ, ಅದೂ ಒಂದೂವರೆ ತಾಸು. ವಾಲ್ವ್ ತಿರುಗಿಸುವ ದುರುಗೇಶ ಬೈಕಿನ ಹಾರ್ನ್ ಹೊಡೆದುಕೊಂಡು ಓಣಿಗೆ ಬಂದನೆಂದರೆ ಒಲೆಯ ಮೇಲಿನ ಪಲ್ಯ ಸೀದರೂ ಯಾರೂ ಒಳಗಿರುವುದಿಲ್ಲ. ಪ್ರತಿ ಮನೆಯ ಅಂಗಳದಲ್ಲೂ ನೆಲದೊಳಗೆ ಒಂದು ತೊಟ್ಟಿ, ಅದಕ್ಕೆ ನೀರೆಳೆಯಲು ಒಂದು ಮೋಟಾರು. ಆ ತೊಟ್ಟಿಯಲ್ಲೇ ಹತ್ತು ದಿನದ ಸಂಸಾರ. ಹಾಗಾಗಿ ಈ ಓಣಿಗೆ ಹೊಸಬರು ಬಾಡಿಗೆಗೆ ಬರುವುದಿದ್ದರೆ, ಪಕ್ಕದ ಮನೆಯವರು ತಮ್ಮ ಪಾಲಿನ ನೀರಿನಿಂದ ಅವರ ತೊಟ್ಟಿಯನ್ನು ಮೊದಲೇ ತುಂಬಿಸಿಡುತ್ತಾರೆ. ನಾವು ಬಂದಾಗ ಎದುರುಮನೆಯ ವೀರಭದ್ರಮ್ಮ ತುಂಬಿಸಿಟ್ಟಿದ್ದರು. ಇದು ಯಾರೂ ಬರೆದಿಟ್ಟ ಕಾಯ್ದೆಯಲ್ಲ, ಆದರೆ ಇದುವರೆಗೆ ಯಾರೂ ತಪ್ಪಿಸಿಲ್ಲ.

ನಮ್ಮ ಪಕ್ಕದ ಮನೆಯ ಮಾಲಕರು ಇರುವುದು ಲಿಂಗಸುಗೂರಿನಲ್ಲಿ. ಆ ಮನೆಯನ್ನು ಮಂಜೂರನಿಗೆ ಕೊಡಿಸಿದವಳು ನಾನೇ. ನನ್ನ ತವರು ಮುದಗಲ್. ಮಂಜೂರ್ ಅಲ್ಲಿನ ಮೌಲಾಹುಸೇನನ ಮಗ, ಕಣ್ಣೆದುರು ಬೆಳೆದ ಹುಡುಗ. ಹತ್ತು ವರ್ಷ ಹಿಮಾಚಲದ ಅಣೆಕಟ್ಟುಗಳಲ್ಲಿ ಕರೆಂಟಿನ ಕೆಲಸ ಮಾಡಿದ. ಅಲ್ಲಿಯೇ ಚಂಬಾ ಕಡೆಯ ಗುಡ್ಡದೂರಿನ ಅರ್ಜುಮಂದ್‌ಳನ್ನು ಮದುವೆಯಾದ. ಮೂರು ವರ್ಷದ ಮಗಳಿದ್ದಾಳೆ, ಮೆಹರಬಾನು. ಅವನ ಕೆಲಸ ಒಂದು ಕಣಿವೆಯಲ್ಲಿ, ಹೆಂಡತಿ ಮಗಳು ಇನ್ನೊಂದು ಕಣಿವೆಯಲ್ಲಿ. ಮಗಳು ಅಪ್ಪನನ್ನು ಕಂಡರೆ ಅಳುತ್ತಿದ್ದಳಂತೆ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಕಾಯಂ ಕೆಲಸ ಸಿಕ್ಕಿದ್ದೇ ತಡ, ಮೂವರೂ ಒಂದೇ ಸೂರಿನಡಿ ಇರೋಣವೆಂದು ದೇಶದ ಆ ತುದಿಯಿಂದ ನಾಲ್ಕು ದಿನ ಪ್ರಯಾಣ ಮಾಡಿ ಬಂದರು. ಏಪ್ರಿಲ್ ತಿಂಗಳ ಒಂದು ಮಂಗಳವಾರ ಆಟೋದಿಂದ ಇಳಿದಾಗ ಅವರ ಸಾಮಾನಿನಲ್ಲಿ ಉಣ್ಣೆ ತುಂಬಿದ ಮೂರು ದಪ್ಪ ರಜಾಯಿಗಳಿದ್ದವು. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಅವನ್ನು ನೋಡಿ ಇಡೀ ಓಣಿ ನಕ್ಕಿತು. ನಾನೂ ನಕ್ಕೆ.

ಹಿಂದಿನ ದಿನ ಸೋಮವಾರ ನೀರು ಬಂದಿತ್ತು. ನನ್ನ ತೊಟ್ಟಿ ಅರ್ಧ ತುಂಬುತ್ತಲೇ ಪೈಪನ್ನು ಗೋಡೆ ದಾಟಿಸಿ ಅವರ ತೊಟ್ಟಿಗೆ ಬಿಟ್ಟೆ. ಬೇಸಿಗೆಯ ನೀರು, ಕೆರೆಯ ತಳದ್ದು, ಚಹಾದ ಬಣ್ಣ. ಪಟಕದ ಗಡ್ಡೆಯನ್ನು ದಾರಕ್ಕೆ ಕಟ್ಟಿ ತಿರುವಿಟ್ಟೆ. ಎರಡು ದಿನ ಬಿಟ್ಟರೆ ಕೆಸರು ತಳಕ್ಕೆ ಇಳಿದು ಮೇಲಿನ ನೀರು ತಿಳಿಯಾಗುತ್ತದೆ.

ಬುಧವಾರ ನಾನು ಮಸ್ಕಿಗೆ ಬಸುರಿಯಾದ ಅಣ್ಣನ ಮಗಳ ಕುಬಸಕ್ಕೆ ಹೋಗಿದ್ದೆ. ಮಧ್ಯಾಹ್ನ ನಾಲ್ಕಕ್ಕೆ ಬಸ್ ಇಳಿದು ಬಂದರೆ ಓಣಿಯ ತುಂಬ ಹಸಿ. ಚರಂಡಿ ಹರಿಯುತ್ತಿತ್ತು. ಹೊಸ ಹುಡುಗಿ ಸೊಂಟಕ್ಕೆ ದುಪಟ್ಟಾ ಬಿಗಿದು, ಮೊಣಕಾಲಿನವರೆಗೆ ಕೆಸರಾಗಿ, ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದಳು. ತೊಟ್ಟಿಯ ಮುಚ್ಚಳ ತೆರೆದಿತ್ತು.

ನನ್ನ ಮೈ ಉರಿದುಹೋಯಿತು. ಮುದಗಲ್ಲಿನಲ್ಲಿ ಹುಟ್ಟಿದವಳಾದ್ದರಿಂದ ದಖನಿ ಉರ್ದು ನನಗೆ ಚೆನ್ನಾಗಿಯೇ ಬರುತ್ತದೆ, ಆದರೆ ಸಿಟ್ಟು ಬಂದಾಗ ನನ್ನ ಬಾಯಲ್ಲಿ ಬರುವುದು ಕನ್ನಡವೊಂದೇ. ಗೇಟಿನಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ. ಅವಳಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಪಕ್ಕದ ಮನೆಯ ಹಿರಿಯಳು ಮಾತಾಡಿಸಲು ಬಂದಿದ್ದಾಳೆ ಎಂದುಕೊಂಡು ನಕ್ಕಳು. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೊಟ್ಟಿಯೊಳಗೆ ತೋರಿಸಿದಳು. ಸುಣ್ಣ ಬಳಿದಂತೆ ಬೆಳ್ಳಗೆ ತಿಕ್ಕಿದ್ದಳು. ಹಳೆಯ ಕೊಳಕು ನೀರೆಲ್ಲ ಹೋಯಿತು, ಇನ್ನು ಒಳ್ಳೆಯ ನೀರು ತುಂಬಿಸಿಕೊಳ್ಳುತ್ತೇನೆ ಎಂದು ಹಿಂದಿಯಲ್ಲಿ ಹೇಳಿ ನಲ್ಲಿ ತಿರುಗಿಸಿದಳು. ನಲ್ಲಿ ಗೊರ್ ಎಂದು ಸುಮ್ಮನಾಯಿತು. ಅವಳ ಊರಿನಲ್ಲಿ ಮನೆಯ ಮುಂದೆಯೇ ಹಗಲೂ ರಾತ್ರಿ ಝರಿ ಹರಿಯುತ್ತದಂತೆ. ನೀರನ್ನು ಕಾಯಬೇಕು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಸಂಜೆ ಮಂಜೂರ್ ಬಂದು ಎಲ್ಲವನ್ನೂ ಬಿಡಿಸಿ ಹೇಳಿದ. ಗೋಡೆಯ ಈಚೆಯಿಂದ ನಾನು ನೋಡುತ್ತಿದ್ದೆ. ಅವಳು ಬಾಯಿಗೆ ಕೈ ಇಟ್ಟುಕೊಂಡಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ.

ಮರುದಿನ ಬೆಳಕು ಹರಿಯುವಾಗ ಅವಳು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ತಲೆಯ ಮೇಲೆ ಕೊಡವಿಟ್ಟುಕೊಂಡು ಓಣಿ ದಾಟಿದಳು. ಶಾಲೆಯ ಹಿಂದಿನ ಬೋರು ನಮ್ಮಲ್ಲಿಂದ ಅರ್ಧ ಕಿಲೋಮೀಟರು. ಅದರ ನೀರು ಉಪ್ಪು; ಬಳಸಲು ಆದೀತು, ಕುಡಿಯಲು ಆಗದು. ಕುಡಿಯುವ ನೀರಿನ ಕ್ಯಾನನ್ನು ಮಂಜೂರ್ ಸೈಕಲ್ಲಿನಲ್ಲಿ ತರುತ್ತಿದ್ದ. ಅವಳು ಒಂದು ಕೈಯನ್ನೂ ಕೊಡಕ್ಕೆ ಹಚ್ಚದೆ, ಹನಿ ತುಳುಕಿಸದೆ ನಡೆಯುತ್ತಿದ್ದಳು. ದಿನಕ್ಕೆ ಎಂಟು ಸಲ.

ನನ್ನ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುತ್ತದೆ. ಶುಕ್ರವಾರ ಎರಡು ಕೊಡ ನೀರು ತುಂಬಿ ಅವಳ ಬಾಗಿಲಿಗೆ ಒಯ್ದಿಟ್ಟೆ. ಅವಳು ಕೈಮುಗಿದು ವಾಪಸು ಕಳಿಸಿದಳು. ನಿಮ್ಮ ಪಾಲನ್ನು ಒಮ್ಮೆ ಚೆಲ್ಲಿದ್ದೇನೆ, ಎರಡನೇ ಸಲ ಯಾವ ಮುಖ ಇಟ್ಟುಕೊಂಡು ತೆಗೆದುಕೊಳ್ಳಲಿ ಎಂದಳು. ನನಗೆ ಮೊದಲನೆಯ ದಿನಕ್ಕಿಂತ ಹೆಚ್ಚು ಸಿಟ್ಟು ಬಂತು. ಇಷ್ಟುದ್ದದ ಹುಡುಗಿಗೆ ಎಷ್ಟು ಜಂಬ ಎಂದು ಹಂಪಣ್ಣನ ಮುಂದೆ ಕೂಗಾಡಿದೆ. ನಿನ್ನಂಥವಳೇ ಸಿಕ್ಕಿದ್ದಾಳೆ ಬಿಡು ಎಂದು ಅವರು ಪೇಪರಿನಲ್ಲಿ ಮುಖ ಹುದುಗಿಸಿದರು.

ಶನಿವಾರ ಮಂಜೂರ್ ನಮ್ಮ ಕಟ್ಟೆಯ ಮೇಲೆ ಬಂದು ಕೂತ. ಮಗುವಿನ ಬೆನ್ನ ತುಂಬ ಬೆವರುಸಾಲೆ ಎದ್ದಿತ್ತು. ಮನೆಯಾಕೆ ನೀರು ಹೊತ್ತೇ ಸಣ್ಣಗಾಗುತ್ತಿದ್ದಳು.

"ಅಕ್ಕಾ, ಗುರುವಾರ ನೀರು ಬರ್ತಾವ. ಅವತ್ತು ಟಾಕಿ ತುಂಬಿದ್ರ ತಾಯಿ ಮಗಳು ಇರ್ತಾರ. ತುಂಬಲಿಲ್ಲಂದ್ರ ಶುಕ್ರವಾರ ರಾಯಚೂರಿಂದ ದಿಲ್ಲಿ ಗಾಡಿಗೆ ಕಳಿಸಿಬಿಡ್ತೀನಿ. ಟಿಕೆಟ್ ತಗಸೀನಿ."

ಮಳೆಗಾಲಕ್ಕೆ ಮತ್ತೆ ಕರೆಸಿಕೊಂಡರಾಯಿತು ಎಂದು ಅವನು ತನಗೇ ಸಮಾಧಾನ ಹೇಳಿಕೊಂಡ. ತೊಟ್ಟಿ ತುಂಬುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಓಣಿಯ ಎಲ್ಲ ಮೋಟಾರುಗಳೂ ಒಮ್ಮೆಲೇ ಎಳೆಯುವಾಗ ಮೋಟಾರಿಲ್ಲದ ನಲ್ಲಿಗೆ ನೀರು ಏರುವುದೇ ಇಲ್ಲ. ಆ ಬಾಡಿಗೆ ಮನೆಗೆ ಮೋಟಾರಿರಲಿಲ್ಲ; ಮಂಜೂರನ ಮೊದಲ ಸಂಬಳದಲ್ಲಿ ಕೊಳ್ಳಲು ಇನ್ನೂ ಒಂದು ತಿಂಗಳಾದರೂ ಬೇಕಿತ್ತು.

ಅವನು ಎದ್ದುಹೋದ ಮೇಲೆ ಅವಳು ಬಂದಳು. ತಾನು ಈಗ ಹೋದರೆ ತಿರುಗಿ ಬರುವುದಾಗುವುದಿಲ್ಲ ಎಂದಳು. ಮಳೆಗಾಲ ಎನ್ನುತ್ತಾರೆ, ಆಮೇಲೆ ಚಳಿಗಾಲ ಎನ್ನುತ್ತಾರೆ, ಮಗಳು ಮತ್ತೆ ಅಪ್ಪನ ಮುಖ ಮರೆಯುತ್ತಾಳೆ. ಒಮ್ಮೆ ಹಾಗೆ ಬದುಕಿ ನೋಡಿದ್ದಾಗಿದೆ. ನೀರು ಯಾಕೆ ಏರುವುದಿಲ್ಲ, ಪೈಪು ಎಷ್ಟು ಆಳದಲ್ಲಿದೆ, ಮೋಟಾರು ಬರುವ ಮೊದಲು ನೀವೆಲ್ಲ ಏನು ಮಾಡುತ್ತಿದ್ದಿರಿ, ಇಷ್ಟನ್ನು ಹೇಳಿ ಎಂದಳು.

ಮೊದಲು ನಾವೆಲ್ಲ ನಲ್ಲಿಯ ಬುಡದಲ್ಲಿ ಗುಂಡಿ ತೋಡುತ್ತಿದ್ದೆವು. ಎದೆಯಾಳಕ್ಕೆ ಇಳಿದು ಪೈಪನ್ನು ಅಲ್ಲಿಯೇ ಕೊಯ್ದರೆ ನೀರು ಏರಬೇಕಾಗಿಲ್ಲ, ತಾನೇ ಹರಿದು ಬರುತ್ತದೆ. ಕೆಳಗೆ ನಿಂತು ತಂಬಿಗೆಯಿಂದ ಕೊಡ ತುಂಬಿ ಮೇಲೆತ್ತಬೇಕು. ಮೋಟಾರು ಬಂದ ವರ್ಷ ಎಲ್ಲರೂ ಗುಂಡಿಗೆ ಮಣ್ಣು ತುಂಬಿ ಮೇಲೆ ಶಹಾಬಾದ್ ಕಲ್ಲು ಹಾಸಿದೆವು. ಇದನ್ನು ಹೇಳಿ, ಬೇಸಿಗೆಯ ಎರೆಮಣ್ಣು ಕಬ್ಬಿಣದಂತಿರುತ್ತದೆ, ನಿನ್ನ ಕೈಯಲ್ಲಾಗದು ಎಂದೂ ಹೇಳಿದೆ. ಅವಳು ನನ್ನಲ್ಲಿ ಹಾರೆ ಇದೆಯೇ ಎಂದು ಕೇಳಿದಳು.

ಭಾನುವಾರದಿಂದ ಅವಳು ಅಗೆಯತೊಡಗಿದಳು. ದಿನಾ ಸಂಜೆ ಮಣ್ಣಿಗೆ ಬೋರಿನ ಉಪ್ಪುನೀರು ಚಿಮುಕಿಸಿ ನೆನೆಸುವುದು, ಬೆಳಿಗ್ಗೆ ನೀರು ಹೊತ್ತು ತಂದ ಮೇಲೆ ಅಷ್ಟನ್ನು ಕೀಳುವುದು. ಮಂಜೂರ್ ಸಿಡುಕಿದ. ಮಾಲಕರು ಬೈತಾರೆ, ಹೋಗುವವಳಿಗೆ ಯಾಕೆ ಈ ಕಾರಭಾರ ಎಂದ. ಅವಳು ಅಗೆಯುತ್ತಲೇ ಇದ್ದಳು. ನಾನೇ ಲಿಂಗಸುಗೂರಿಗೆ ಫೋನು ಹಚ್ಚಿ ಮಾಲಕರಿಗೆ ಹೇಳಿ ಒಪ್ಪಿಸಿದೆ. ಮಂಗಳವಾರ ಅವಳ ಅಂಗೈ ಒಡೆಯಿತು, ಬಟ್ಟೆ ಸುತ್ತಿಕೊಂಡಳು. ಅವತ್ತು ಸಂಜೆ ಮಂಜೂರ್ ತಾನೇ ಪ್ಯಾಂಟು ಮಡಚಿಕೊಂಡು ಗುಂಡಿಗಿಳಿದ. ಬುಧವಾರ ಪೈಪು ಸಿಕ್ಕಿತು. ಅದನ್ನು ಕೊಯ್ದು ಬಾಯಿಗೆ ಬೆಣೆ ಬಡಿದರು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋಯಿತು. ಎಲ್ಲೋ ತಂತಿ ಹರಿದಿದೆ, ಸಂಜೆಯವರೆಗೆ ಬರುವುದಿಲ್ಲ ಎಂದರು. ಎರಡು ಗಂಟೆಗೆ ದುರುಗೇಶನ ಹಾರ್ನು ಕೇಳಿತು. ಎತ್ತರದ ಟ್ಯಾಂಕಿನ ನೀರಿಗೆ ಕರೆಂಟಿನ ಹಂಗಿಲ್ಲ, ಅದು ಬಂದೇ ಬಂತು. ನಮ್ಮ ಮೋಟಾರುಗಳು ಮಾತ್ರ ಸತ್ತು ಬಿದ್ದಿದ್ದವು. ಬೇಸಿಗೆಯ ನೀರಿಗೆ ತಾನಾಗಿ ನಲ್ಲಿಯ ಎತ್ತರಕ್ಕೆ ಏರುವ ಒತ್ತಡವಿಲ್ಲ; ನಲ್ಲಿಗೆ ಬಾಯಿ ಹಚ್ಚಿ ನೋಡಿದೆ, ಬರೀ ಗಾಳಿ. ನನ್ನ ತೊಟ್ಟಿಯಲ್ಲಿ ತಳ ಕಾಣುತ್ತಿತ್ತು. ಎಲ್ಲರ ಮನೆಯಲ್ಲೂ ಅದೇ ಗತಿ. ಮುಂದಿನ ಪಾಳಿಗೆ ಇನ್ನು ಹತ್ತು ದಿನ.

ಇಡೀ ಓಣಿಯಲ್ಲಿ ನೀರಿನ ಸದ್ದು ಒಂದೇ ಮನೆಯಿಂದ ಬರುತ್ತಿತ್ತು. ಗೋಡೆಯ ಮೇಲಿಂದ ಬಗ್ಗಿ ನೋಡಿದರೆ ಅರ್ಜುಮಂದ್ ಗುಂಡಿಯಲ್ಲಿ ನಿಂತು ಕೊಡ ತುಂಬಿ ಎತ್ತಿಡುತ್ತಿದ್ದಳು, ಹತ್ತಿ ಬಂದು ತೊಟ್ಟಿಗೆ ಸುರಿಯುತ್ತಿದ್ದಳು. ನಮ್ಮ ಮೋಟಾರುಗಳು ಎಳೆಯದೇ ಇದ್ದುದರಿಂದ ಓಣಿಯ ನೀರೆಲ್ಲ ಅವಳ ಗುಂಡಿಗೇ ಬಂದಿತ್ತು. ತೋಳಿನಷ್ಟು ದಪ್ಪ ಧಾರೆ. ಹೀಗೇ ಒಂದೂವರೆ ತಾಸು ಎತ್ತಿದರೆ ಅವಳ ತೊಟ್ಟಿ ತುಂಬಿಯೇ ತುಂಬುತ್ತಿತ್ತು. ನನಗೆ ಖುಷಿಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಟ್ಟೆ ಉರಿಯಿತು.

ಸ್ವಲ್ಪ ಹೊತ್ತಿಗೆ ವೀರಭದ್ರಮ್ಮ ಖಾಲಿ ಕೊಡ ಹಿಡಿದು ಅವಳ ಗೇಟಿನಲ್ಲಿ ನಿಂತರು. ಅವರ ಹಿಂದೆ ಓಣಿಯ ಕೊನೆಯ ಮನೆಯ ಶಂಶಾದ್‌ಬೀ. ಅವರ ಹಿಂದೆ ಮತ್ತೆ ನಾಲ್ಕು ಮಂದಿ. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ರಜಾಯಿ ನೋಡಿ ನಕ್ಕವರು, ಹಾರೆ ಹಿಡಿದದ್ದು ನೋಡಿ ನಕ್ಕವರು, ಹೇಗೆ ಕೇಳುತ್ತಾರೆ? ಅರ್ಜುಮಂದ್ ತಲೆಯೆತ್ತಿ ನೋಡಿದಳು. ತನ್ನ ತೊಟ್ಟಿಯ ಕಡೆಗೊಮ್ಮೆ ನೋಡಿದಳು. ಮುಖದ ಬೆವರನ್ನು ತೋಳಿನಿಂದ ಒರೆಸಿಕೊಂಡು ವೀರಭದ್ರಮ್ಮನ ಕೊಡಕ್ಕೆ ಕೈ ಚಾಚಿದಳು.

ಆಮೇಲೆ ಸಾಲು ಕಟ್ಟಿತು. ನಾನು ಮಾತ್ರ ಹೋಗಲಿಲ್ಲ. ಅತಿ ಹೆಚ್ಚು ಬೈದವಳು ನಾನು. ಅಡಿಗೆಮನೆಯಲ್ಲಿ ಸುಮ್ಮನೆ ಡಬ್ಬಿಗಳನ್ನು ಹಿಂದೆ ಮುಂದೆ ಸರಿಸುತ್ತ ನಿಂತೆ. ಆಗ ಗೋಡೆಯಾಚೆಯಿಂದ ಅವಳ ದನಿ ಕೇಳಿತು. ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು.

"ಅಕ್ಕಾ, ಕೊಡ ತರ್ರಿ."

ಹೋದೆ. ಹೋಗಿ ದಖನಿಯಲ್ಲಿ ಬುದ್ಧಿ ಹೇಳಿದೆ: ನಾಳೆಯ ಗಾಡಿ ಮರೆತೆಯಾ, ಮೊದಲು ನಿನ್ನ ತೊಟ್ಟಿ ತುಂಬಿಸಿಕೋ ಎಂದೆ. ಅವಳು ನನ್ನ ಕೊಡ ಕಸಿದುಕೊಂಡು ಧಾರೆಗೆ ಹಿಡಿದಳು. ಇಷ್ಟು ಜನ ಖಾಲಿ ಕೊಡ ಹಿಡಿದು ನಿಂತಿರುವಾಗ ನನ್ನ ಕೈ ನನ್ನ ತೊಟ್ಟಿಯ ಕಡೆ ಹೋಗುವುದಿಲ್ಲ, ಗಾಡಿಯ ವಿಷಯ ನಾನು ನೋಡಿಕೊಳ್ಳುತ್ತೇನೆ ಎಂದಳು. ನಾನು ಸೆರಗು ಸಿಕ್ಕಿಸಿ ಗುಂಡಿಗಿಳಿದೆ. ಅವಳು ತುಂಬಿದಳು, ನಾನು ಎತ್ತಿದೆ. ಹನ್ನೊಂದು ಮನೆಗೆ ನೀರು ಹೋಯಿತು. ಶಂಶಾದ್‌ಬೀಯ ಕೊನೆಯ ಕೊಡ ತುಂಬುವಾಗ ಧಾರೆ ಸಣ್ಣದಾಗಿ ನಿಂತೇ ಹೋಯಿತು. ದುರುಗೇಶ ವಾಲ್ವ್ ಮುಚ್ಚಿದ್ದ.

ಮಂಜೂರ್ ಐದು ಗಂಟೆಗೆ ಬಂದ. ಗಿರಣಿಯಲ್ಲೂ ಕರೆಂಟಿಲ್ಲದೆ ಒದ್ದಾಡಿ ಮುಖವೆಲ್ಲ ಮಸಿಯಾಗಿತ್ತು. ಅಂಗಳದ ತುಂಬ ಹೆಂಗಸರನ್ನು ಕಂಡು ಗಾಬರಿಯಾದ. ನೇರವಾಗಿ ಹೋಗಿ ತೊಟ್ಟಿಯ ಮುಚ್ಚಳ ಎತ್ತಿದ. ಒಳಗೆ ಗೇಣು ನೀರಿತ್ತು. ಅವನು ಮುಚ್ಚಳ ಹಾಕಿ, ಯಾರ ಮುಖವನ್ನೂ ನೋಡದೆ, ಪೆಟ್ಟಿಗೆ ಕಟ್ಟು ಎಂದ.

ಇಷ್ಟು ದಿನ ಯಾರ ಮೇಲೆ ಹರಿಹಾಯುತ್ತಿದ್ದೆನೋ ಅವಳು ನಾಳೆ ಆ ಮನೆಯಲ್ಲಿ ಇರುವುದಿಲ್ಲ ಎಂದರೆ ನನಗೆ ತಡೆಯಲಾಗಲಿಲ್ಲ.

"ಲೇ ಮಂಜೂರ್, ಅಕಿ ಟಾಕಿ ತುಂಬೇತಿ. ಆದ್ರ ನಿನ್ನ ಅಂಗಳದಾಗ ಇಲ್ಲ. ನನ್ನ ಮನ್ಯಾಗ ಐತಿ, ವೀರಭದ್ರಮ್ಮನ ಮನ್ಯಾಗ ಐತಿ, ಹನ್ನೊಂದು ಮನ್ಯಾಗ ಐತಿ. ಹೋಗಿ ಒಂದೊಂದರ ಮುಚ್ಚಳ ತಗದು ನೋಡು. ಅಷ್ಟೂ ನೀರು ನಮ್ಮ ಕಡೆ ಬಿಟ್ಟು ಅಕಿ ಹೆಂಗ ಹೋಗ್ತಾಳ?"

ವೀರಭದ್ರಮ್ಮ ಹೌದೆಂದು ತಲೆಯಾಡಿಸಿದರು. ಅರ್ಜುಮಂದ್ ಮಗಳನ್ನು ಎತ್ತಿ ಗಂಡನ ತೋಳಿಗೆ ಕೊಟ್ಟಳು. ಮಗು ಅಳದೆ ಅವನ ಮಸಿಮುಖವನ್ನು ಮುಟ್ಟಿ ನೋಡಿತು. ಅವಳು ತಿರುಗಿ, ಅವನಿಗಲ್ಲ, ನನಗೆ ಹೇಳಿದಳು. ಒಂದೊಂದೇ ಶಬ್ದ ಹುಡುಕಿ ಹೇಳಿದಳು.

"ಅಕ್ಕಾ, ನಾ ಹೋಗಂಗಿಲ್ಲ. ನಾಳೆ ಮುಂಜಾನೆ ನಿಮ್ಮ ಮನೀಗೆ ಬರ್ತೀನಿ. ನನಗ ನಾಕು ಕೊಡ ನೀರು ಬೇಕು."

ಕೊಡುತ್ತೀರಾ ಎಂದು ಕೇಳಲಿಲ್ಲ, ಬೇಕು ಎಂದಳು. ನನ್ನ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು, ನಾಲ್ಕು ಯಾಕೆ, ಐದು ಒಯ್ಯಿ, ಆದರೆ ಚೆಲ್ಲಿದರೆ ಮಾತ್ರ ಜೀವ ತೆಗೆಯುತ್ತೇನೆ ಎಂದು ಗದರಿದೆ. ಈ ಸಲ ಅವಳಿಗೆ ಎಲ್ಲವೂ ತಿಳಿಯಿತು. ಮಂಜೂರ್ ಟಿಕೆಟ್ ರದ್ದು ಮಾಡಲು ಫೋನು ತೆಗೆದರೆ ಬೆಳಗಿನಿಂದ ಚಾರ್ಜಿಲ್ಲದೆ ಅದು ಸತ್ತಿತ್ತು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನು ಟಿಕೆಟ್ ತೆಗೆಸಿದ ಅಂಗಡಿ ಇರುವ ಬಸ್ ಸ್ಟ್ಯಾಂಡಿನವರೆಗೆ ನಡೆದುಕೊಂಡೇ ಹೋದ.